ಎದೆಯೊಳಗಿನ ಪಾರಿವಾಳ

"ನಾಲ್ಕಾ?"

"ಅಲ್ಲ."

"ಐದಾ?"

"ಅಲ್ಲ," ಎಂದಳು ಎಲೋಯ್ಸಾ. ಚೀಟಿಯಲ್ಲಿ ಅವಳೇ ಬರೆದುಕೊಟ್ಟಿದ್ದ ಅಂಕಿ ಐದು. ಯಾವುದನ್ನು ಕೇಳಿದರೂ ಅಲ್ಲ ಎನ್ನಬೇಕು. ಸುಳ್ಳು ಪತ್ತೆಯ ಪರೀಕ್ಷೆ ಶುರುವಾಗುವುದೇ ಈ ಆಟದಿಂದ.

ಪರೀಕ್ಷಕ ಬೆನವಿದೆಸ್ ಪರದೆಯನ್ನು ಅವಳತ್ತ ತಿರುಗಿಸಿದ. ಐದರ ಹತ್ತಿರ ಗೆರೆ ಗುಡ್ಡದ ಹಾಗೆ ಎದ್ದು ನಿಂತಿತ್ತು. "ನೋಡ್ದ್ಯಾ ಮಗಳೇ? ಬಾಯಿ ಏನಾದ್ರೂ ಹೇಳ್ಲಿ, ಮೈ ಕೇಳಲ್ಲ."

ಎಲೋಯ್ಸಾ ಉಸಿರಾಡುವುದನ್ನೇ ಮರೆತು ನೋಡಿದಳು. ಎಲ್ಲರ ಎದೆಯೊಳಗೂ ಒಂದು ಪಾರಿವಾಳ ಇರುತ್ತದೆ, ಸುಳ್ಳು ಕಿವಿಗೆ ಬಿದ್ದರೆ ರೆಕ್ಕೆ ಬಡಿಯುತ್ತದೆ ಎಂದು ಅಜ್ಜಿ ಕೆಂಪು ಮೆಣಸಿನಕಾಯಿಯ ಸರ ಕಟ್ಟುತ್ತಾ ಹೇಳುತ್ತಿದ್ದಳು. ಆ ಹಕ್ಕಿಯೇ ಈಗ ಕಣ್ಣೆದುರು ಹಾರಿದಂತಾಯಿತು.

ನಗರದ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಾಗಲೂ ಇದೇ ಬೆನವಿದೆಸ್, ಇದೇ ಯಂತ್ರ. "ಕೆಲಸ ಮಾಡಿದ ಕಡೆ ಕದ್ದಿದೀಯಾ?" ಎಂದು ಕೇಳಿದ್ದ. ಹುಟ್ಟಿದಾಗಿನಿಂದ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಇಲ್ಲ ಎಂದಳು, ಎದೆ ಧಸಕ್ಕೆಂದಿತು, ಗುಡ್ಡ ಎದ್ದಿತು. ಫೇಲು. ಆಮೇಲೆ ಕೆಲಸ ಕೇಳಿಕೊಂಡು ಹೋದರೆ ಜೈಲಿನವರೂ ಅಗ್ನಿಶಾಮಕದವರೂ ಮೊದಲು ಕೇಳಿದ್ದು ಒಂದೇ ಮಾತು: ಬೇರೆ ಕಡೆ ಈ ಪರೀಕ್ಷೆಯಲ್ಲಿ ಫೇಲಾಗಿದ್ದೀಯಾ? ಹೌದು ಎಂದ ಕೂಡಲೇ ಬಾಗಿಲು ಮುಚ್ಚುತ್ತಿತ್ತು. "ಅದನ್ನ ಯಾಕೆ ಬಾಯಿಬಿಡ್ತೀಯೇ ಪೆದ್ದಿ" ಎಂದು ಅಕ್ಕ ಬೈದರೂ ಅವಳಿಗೆ ಮುಚ್ಚಿಡಲು ಬರಲಿಲ್ಲ. ಇನ್ನು ಉಳಿದಿದ್ದು ಕೌಂಟಿಯ, ಅಂದರೆ ಜಿಲ್ಲಾಡಳಿತದ, ಈ ಕೆಲಸ, ಆಪತ್ತಿನಲ್ಲಿರುವವರ ಫೋನು ಎತ್ತುವುದು. ಇದೂ ಹೋದರೆ ಈಗಿನ ಬೇಕರಿ ಕೂಲಿಯೇ ಗತಿ. ಈ ಕಣಿವೆಯಲ್ಲೋ, ಯಾವ ಕಚೇರಿಗೆ ಹೋದರೂ ಪರೀಕ್ಷೆ ಮಾಡುವವನು ಬೆನವಿದೆಸ್ ಒಬ್ಬನೇ.

ತೋಳಿಗೆ ಸುತ್ತಿದ್ದ ಯಂತ್ರದ ಪಟ್ಟಿ ಬಿಗಿಯಾಯಿತು. ಪರದೆಯನ್ನು ವಾಪಸು ತಿರುಗಿಸಲು ಅವನು ಮರೆತಿದ್ದ.

"ಅವತ್ತು ಪೊಲೀಸ್ ಪರೀಕ್ಷೇಲಿ ನನ್ನ ಹತ್ರ ಸುಳ್ಳು ಹೇಳಿದ್ಯಾ?"

"ಇಲ್ಲ."

ಗೆರೆ ಅಲುಗಲಿಲ್ಲ. ಬೆನವಿದೆಸ್ ಕನ್ನಡಕ ಒರೆಸಿಕೊಂಡು ಮತ್ತೆ ಕೇಳಿದ. ಮತ್ತೂ ಒಮ್ಮೆ ಕೇಳಿದ. ಗಾಳಿಯಿಲ್ಲದ ಹೊತ್ತಿನ ಕೆರೆಯ ಹಾಗೆ ಗೆರೆ ಸುಮ್ಮನೆ ಮಲಗಿತ್ತು. ಯಂತ್ರ ಅವತ್ತಿನ ತನ್ನ ಮಾತಿಗೆ ತಾನೇ ಎದುರು ಸಾಕ್ಷಿ ಹೇಳುತ್ತಿತ್ತು. ಇಬ್ಬರೂ ದೇವರೆದುರು ಕೂತವರಂತೆ ಅದನ್ನೇ ನೋಡಿದರು.

"ಪಾಸು," ಎಂದ ಅವನು ಕೊನೆಗೆ, ಪಟ್ಟಿ ಬಿಚ್ಚುತ್ತಾ. "ಕೆಲಸ ಸಿಗತ್ತೆ ಹೋಗು."

"ಹಾಗಾದ್ರೆ ಅವತ್ತಿಂದು ಅಳಿಸ್ತೀರಾ ಸರ್?"

"ಅಳಿಸೋ ಪದ್ಧತಿ ಇಲ್ಲಮ್ಮ. ಇಷ್ಟು ವರ್ಷದಲ್ಲಿ ಸಾವಿರಾರು ಜನ ಆ ಕುರ್ಚೀಲಿ ಕೂತಿದಾರೆ. ನಾನು ಒಂದ್ಸಲಾನೂ ತಪ್ಪಿಲ್ಲ," ಎಂದು ಅವನು ಕಾಫಿ ಲೋಟ ಎತ್ತಿಕೊಂಡ.

ಎಲೋಯ್ಸಾ ಬೆರಗಾಗಿ ನೋಡಿದಳು. ಅವನ ಮೈಮೇಲೆ ಒಂದು ತಂತಿಯೂ ಇರಲಿಲ್ಲ. ಕೈಯಲ್ಲಿದ್ದ ಕಾಫಿಯ ಮೇಲೆ ಮಾತ್ರ ಗೆರೆಯ ಹಿಂದೆ ಗೆರೆ ಏಳುತ್ತಿತ್ತು.