ಗೇಜಿನ ಪಟ್ಟಿ

ತಾನೇ ಅರದಿಂದ ತುದಿ ಉಜ್ಜಿ ಎಂಜಿನ್ನಿನ ನಾಲ್ಕನೇ ಸಿಲಿಂಡರಿಗೆ ಇಳಿಸಿದ್ದ ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆ, ಸಂದು ಅಳೆಯುವ ಗೇಜಿನ ತೆಳು ಪಟ್ಟಿ ತೂರಿಸಿ, ಮೇಸ್ತ್ರಿ "ಸರಿಯಾಗಿದೆ" ಎಂದು ಕೈಬಿಟ್ಟ. ಪಟ್ಟಿ ಅಲ್ಲಿ ನಿಲ್ಲಲಿಲ್ಲ. ಜಾರಿ ಠಣ್ಣೆಂದು ಕೆಳಗೆ ಬಿತ್ತು. ಬೆಳಿಗ್ಗೆಯಿಂದ ಸಿಲಿಂಡರುಗಳನ್ನು ಉಜ್ಜಿ ತೊಳೆದಿದ್ದ ಮಗಳು ಅದನ್ನು ಎತ್ತಿಕೊಂಡಳು.

"ಅಪ್ಪಾ, ಸಂದು ಜಾಸ್ತಿ ಆಗಿದೆ. ಪಟ್ಟಿ ಒಂಚೂರು ಹಿಡೀಬೇಕು ಅಂತ ನೀನೇ ಹೇಳಿಕೊಟ್ಟಿದ್ದಲ್ವಾ? ಹೊರಟ ನೆಂಟರು ಹೊಸ್ತಿಲಲ್ಲಿ ನಿಂತು ನಿಂತು ಹೋಗೋ ಹಾಗೆ ಅಂತಿದ್ದೆ."

"ಹಿಡೀತಲ್ಲೇ!" ಎಂದು ರೇಗಿದ. ಅವಳು ಉಳಿದ ಮೂರು ಸಿಲಿಂಡರುಗಳ ರಿಂಗುಗಳಿಗೂ ಅದೇ ಪಟ್ಟಿ ಹಾಕಿ ನೋಡಿದಳು. ಎಲ್ಲ ಕಡೆಯೂ ಅದು ಸಲೀಸಾಗಿ ಓಡಾಡಿತು. ಅರ ತಿಂದ ಲೋಹವನ್ನು ಮತ್ತೆ ಅಂಟಿಸುವ ವಿದ್ಯೆ ಯಾವ ಮೇಸ್ತ್ರಿಗೂ ಬರುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣುಮುಚ್ಚಿ ಹೇಳುತ್ತಿದ್ದ ಕೈ ಅವನದು.

"ಹೋಗ್ಲಿ ಬಿಡು, ಹೊಸ ಸೆಟ್ ತರಿಸೋಣ. ಈ ಸಲ ಇನ್ನೂ ನಿಧಾನಕ್ಕೆ ಉಜ್ತೀನಿ." ಸಿಲಿಂಡರಿನತ್ತಲೇ ನೋಡುತ್ತಾ ಅವನು ಅರ ಒರೆಸತೊಡಗಿದ. ಕೈಯಲ್ಲಿದ್ದ ಬಟ್ಟೆ ಮೆಲ್ಲಗೆ ಕೆಂಪಾಗುತ್ತಾ ಬಂತು.

"ಅಪ್ಪಾ, ರಿಂಗಿನ ತುದಿ ತಾಗಿ ನಿನ್ನ ಬೆರಳು ಕುಯ್ದಿದೆ."

ಅವನು ತಲೆಯೆತ್ತದೆ ಕೇಳಿದ, "ಯಾವ ಬೆರಳು?"