ಆರಿಸದ ಲ್ಯಾಪ್‌ಟಾಪ್

ಅಳಿಸಿಹೋದ ಫೈಲುಗಳನ್ನು ಮರಳಿ ತೆಗೆದುಕೊಡುವುದು ಇಂದುಧರನ ಕಸುಬು. ಆತ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ, ಎದುರಿಗೆ ಚಾರ್ಜರ್ ಹಿಡಿದು ಕೂತಿದ್ದ ಹೆಂಗಸನ್ನು ನೋಡಿದ.

"ಏನೂ ಸಿಗ್ತಿಲ್ಲಮ್ಮ."

"ಹಾಗನ್ಬೇಡಪ್ಪ. ಮಹಡಿಯಿಂದ ಬೀಳೋ ಹಿಂದಿನ ದಿನ ಮಗಳು ಫೋನ್ ಮಾಡಿದ್ಲು. ‘ಎಲ್ಲಾ ಲ್ಯಾಪ್‌ಟಾಪಲ್ಲಿ ಮಾತಾಡಿ ಇಟ್ಟಿದ್ದೀನಿ, ನೀನು ಬಂದಾಗ ಕೇಳಮ್ಮ’ ಅಂದ್ಲು. ಅದಕ್ಕೇ ಮಣ್ಣಾದ ದಿನ ಎಲ್ಲರ ಮುಂದೆ ಹಟ ಮಾಡಿ ಅವಳ ಮನೆಯಿಂದ ಇದನ್ನ ಇಸ್ಕೊಂಡು ಬಂದೆ. ಅವಳ ದನಿ ಒಂದ್ಸಲ ಕೇಳಿದ್ರೆ ಸಾಕು."

"ಯಾರೋ ಅಳಿಸಿದ್ದಾರೆ. ಹಳೇ ಹಾರ್ಡ್ ಡಿಸ್ಕ್ ಆಗಿದ್ರೆ ಅಳಿಸಿದ್ದೂ ಒಳಗೇ ಬಿದ್ದಿರ್ತಿತ್ತು, ಕೆದಕಿ ತೆಗೀತಿದ್ದೆ. ಇದು ಎಸ್‌ಎಸ್‌ಡಿ, ಹೊಸ ತರಹದ ಡ್ರೈವ್. ಅಳಿಸಿದ ತಕ್ಷಣ, ಈ ಜಾಗ ಇನ್ನು ಬೇಡ ಅಂತ ಸಿಸ್ಟಮ್ ಡ್ರೈವ್‌ಗೆ ಹೇಳಿಬಿಡುತ್ತೆ. ಆಮೇಲೆ ಕರೆಂಟ್ ಇದ್ರೆ ಸಾಕು, ಡ್ರೈವ್ ಪುರುಸೊತ್ತಾದಾಗ ತಾನೇ ಎಲ್ಲಾ ಒರೆಸಿಹಾಕುತ್ತೆ. ಅವತ್ತೇ ಆಫ್ ಮಾಡಿದ್ದಿದ್ರೆ ಏನಾದ್ರೂ ಉಳೀತಿತ್ತೋ ಏನೋ."

ಆಕೆ ಕೈಯಲ್ಲಿದ್ದ ಚಾರ್ಜರನ್ನೇ ನೋಡಿದಳು.

"ತಿಥಿ ಮುಗಿದ್ರೂ ನಾನು ಆರಿಸಲೇ ಇಲ್ವಲ್ಲಪ್ಪಾ! ಚಾರ್ಜಿಗೆ ಹಾಕಿ, ಅವಳ ಫೋಟೋ ಮುಂದೆ ದೀಪದ ಪಕ್ಕದಲ್ಲೇ ಇಟ್ಟಿದ್ದೆ."

ಸತ್ತವರ ಮುಂದೆ ಹಚ್ಚಿದ ದೀಪ ಆರಬಾರದೆಂಬುದು ಇಂದುಧರನ ಮನೆಯಲ್ಲೂ ಇದ್ದ ನಂಬಿಕೆ. ಅವನ ದನಿ ಮೆತ್ತಗಾಯಿತು.

"ಹೋಗ್ಲಿ ಬಿಡಿಮ್ಮ. ಹೆತ್ತ ಕರುಳು. ಆರಿಸೋಕೆ ನಿಮಗೆ ಕೈ ಬರ್ಲಿಲ್ಲ."

"ನಾನಲ್ಲಪ್ಪ, ಕರೆಂಟ್ ದಂಡ ಅಂತ ತಂದ ದಿನವೇ ಆರಿಸೋಕೆ ಹೋಗಿದ್ದೆ. ಆಫ್ ಮಾಡಿದ್ರೆ ಅವಳ ದನಿ ಹೋಗ್ಬಿಡುತ್ತೆ ಅಂತ ದಿನಾ ಫೋನ್ ಮಾಡಿ ಎಚ್ಚರಿಸ್ತಿದ್ದೋರು ಅಳಿಯಂದ್ರು. ಕಾಲೇಜಲ್ಲಿ ಕಂಪ್ಯೂಟರ್ ಪಾಠ ಮಾಡ್ತಾರಲ್ಲ, ಅವರಿಗೆ ಇದೆಲ್ಲ ಚೆನ್ನಾಗಿ ಗೊತ್ತು."