ಸ್ಕ್ರೀನ್ ಮೇಲಿನ ಕಪ್ಪು ಚುಕ್ಕೆ

ದಾವಣಗೆರೆಯ ಒಂದು ಗಲ್ಲಿಯಲ್ಲಿ ನಾಗವೇಣಿ ಅವರ ರಿಪೇರಿ ಅಂಗಡಿ. ಮೊಬೈಲ್, ಟ್ಯಾಬ್, ಮಕ್ಕಳು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್... ಎಲ್ಲದರ ಸ್ಕ್ರೀನ್ ಸರಿ ಮಾಡ್ತಾರೆ.

ಆವತ್ತು ಬೆಳಿಗ್ಗೆ ತಿಪ್ಪೇಶ್ ಅನ್ನುವವರು ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. ಅವಳ ವಿಡಿಯೋ ಗೇಮನ್ನು ನಾಗವೇಣಿ ಅವರ ಮುಂದಿಟ್ಟು, ಪಕ್ಕದ ಸ್ಟೂಲ್ ಎತ್ತಿ ಕೌಂಟರಿಗೆ ಬಡಿದರು.

ಕೌಂಟರಿನ ಗಾಜು ಪುಡಿಪುಡಿ... ಚೂರೊಂದು ನಾಗವೇಣಿ ಅವರ ಅಂಗೈ ಸೀಳಿತು.

"ಎರಡು ಸಲ ಸ್ಕ್ರೀನ್ ಬದಲಾಯಿಸಿದೀಯ! ಇನ್ನೂ ಕಪ್ಪು ಚುಕ್ಕೆ ಐತಂತೆ! ಯಾರಿಗೆ ಟೋಪಿ ಹಾಕ್ತೀಯ?"

"ಸರ್, ನನಗೆ ಯಾವ ಚುಕ್ಕೆನೂ ಕಾಣ್ತಿಲ್ಲ..."

ಸಿಟ್ಟು ಮಗಳ ಕಡೆ ತಿರುಗಿತು. "ಹಂಗಾದ್ರೆ ನೀನೇ ಸುಳ್ಳಿ!" ಅಂತ ಜಡೆ ಹಿಡಿದು ಕೈ ಎತ್ತಿದರು.

ಹನ್ನೊಂದು ವರ್ಷದ ಇಂಚರ ಅಳಲೇ ಇಲ್ಲ... ಅವಳಿಗೆ ಅಭ್ಯಾಸವಾಗಿತ್ತು.

ನಾಗವೇಣಿ ರಕ್ತ ಸೋರುವ ಕೈಯಿಂದಲೇ ತಿಪ್ಪೇಶ್ ಅವರ ಮಣಿಕಟ್ಟು ಹಿಡಿದರು. "ಹೊಡೆಯೋದಾದ್ರೆ ನನಗೆ ಹೊಡೀರಿ. ಮೊದ್ಲು ಟೆಸ್ಟ್ ಮಾಡೋಣ."

ಸ್ಕ್ರೀನ್ ಪೂರ್ತಿ ಬಿಳಿ ಮಾಡಿದರು. "ಚುಕ್ಕೆ ಎಲ್ಲೈತೆ ಪುಟ್ಟಿ?"

"ಎಡಗಡೆ..."

ಗೇಮನ್ನು ತಲೆಕೆಳಗು ಮಾಡಿದರು. "ಈಗ?"

"ಈಗ್ಲೂ ಎಡಗಡೆನೇ."

"ಆ ಗೋಡೆ ನೋಡು."

"ಅಲ್ಲೂ ಐತೆ ಆಂಟಿ... ದಿನಾ ದೊಡ್ಡದಾಗ್ತೈತೆ."

ನಾಗವೇಣಿ ಅವಳ ಎಡಗಣ್ಣು ಮುಚ್ಚಿದರು. "ಈಗ?"

"ಈಗ ಇಲ್ಲ!"

"ಈ ಕಣ್ಣಿಗೆ ಏಟು ಬಿದ್ದಿತ್ತಾ?"

ಇಂಚರ ಅಪ್ಪನ ಮುಖ ನೋಡಿದಳು.

ತಿಪ್ಪೇಶ್ ತಮ್ಮ ಬಲಗೈ ನೋಡಿಕೊಂಡರು... ಹೋದ ತಿಂಗಳು ಮಾರ್ಕ್ಸ್ ಕಮ್ಮಿ ಬಂತು ಅಂತ ಇದೇ ಕೈ, ಉಂಗುರದ ಸಮೇತ, ಅವಳ ಎಡಗಣ್ಣಿಗೆ ಬಿದ್ದಿತ್ತು.

ಅವತ್ತೇ ಮಗಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದರು.

"ಏಟಿಗೆ ಕಣ್ಣಿನ ಒಳಪರದೆ ಹರಿದಿದೆ. ಇನ್ನೊಂದು ವಾರ ಬಿಟ್ಟಿದ್ರೆ ಕಣ್ಣೇ ಹೋಗ್ತಿತ್ತು" ಅಂದರು ಡಾಕ್ಟರ್.

ಆಪರೇಷನ್ ಆಯಿತು. ಆ ಕಣ್ಣಿನ ದೃಷ್ಟಿ ಉಳಿಯಿತು... ಆದರೆ ಅರ್ಧ ಮಾತ್ರ.

"ನಂಗ್ಯಾಕೆ ಹೇಳಲಿಲ್ಲ ಮಗಳೇ?"

"ಕಣ್ಣು ಅಂದ್ರೆ ಮತ್ತೆ ಹೊಡಿತೀಯ ಅಂತ... ಸ್ಕ್ರೀನ್ ಅಂದೆ ಅಪ್ಪಾ."

ತಿಪ್ಪೇಶ್ ಅವಳ ತಲೆ ಸವರಲು ಕೈ ಚಾಚಿದರು. ಮಗು ಬೆಚ್ಚಿ ಹಾಸಿಗೆಯ ಆ ತುದಿಗೆ ಸರಿಯಿತು.

ಅವರು ಆಸ್ಪತ್ರೆಯ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತರು.

ಆಮೇಲೆ ಅವರು ಯಾರ ಮೇಲೂ ಕೈ ಎತ್ತಲಿಲ್ಲ. ಆದರೂ ಇಂಚರ ತಾನಾಗಿಯೇ ಬಂದು ಆ ಕೈ ಹಿಡಿಯಲು ಎಂಟು ತಿಂಗಳು ಬೇಕಾಯಿತು...

ಹೆದರಿದ ಮಗು ತನ್ನ ನೋವಿಗೆ ಬೇರೆ ಹೆಸರಿಟ್ಟು ಹೇಳುತ್ತದೆ.

ನಿಮ್ಮ ಮನೆಯ ಮಗು ನಿಮಗೆ ಹೆದರಿ ಏನನ್ನು ಮುಚ್ಚಿಟ್ಟಿದೆ... ಇವತ್ತು ಪಕ್ಕದಲ್ಲಿ ಕೂತು ಒಮ್ಮೆ ಕೇಳ್ತೀರಾ?